ತಲೆ ಕತ್ತರಿಸಿದ ಅಲೆಗಳು

ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಗಾದೆ. ಡಿಜಿಟಲ್ ಧ್ವನಿಯ ಕೊಡವನ್ನು ಮಾತ್ರ ಅಂಚಿನವರೆಗೆ ತುಂಬಬಾರದು. ಏಕೆ?

ಹಾಡನ್ನು ಸಿ.ಡಿ.ಗೆ ಇಳಿಸುವಾಗ ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಯಾಗಿ ಬರೆಯಲಾಗುತ್ತದೆ. ಪ್ರತಿ ಅಂಕಿಗೆ 16 ಬಿಟ್‌ಗಳ ಜಾಗ. ಅಂದರೆ ಅದು -32,768ರಿಂದ +32,767ರ ಒಳಗೇ ಇರಬೇಕು. ಈ ಮಿತಿಗೆ ಸೊನ್ನೆ ಡೆಸಿಬೆಲ್ ಎಂದು ಹೆಸರು. ಉಳಿದ ಮಟ್ಟಗಳೆಲ್ಲ ಅದಕ್ಕಿಂತ ಕೆಳಗೆ, ಋಣ ಸಂಖ್ಯೆಗಳಲ್ಲಿ. -6 ಡೆಸಿಬೆಲ್ ಎಂದರೆ ಎತ್ತರ ಸುಮಾರು ಅರ್ಧ.

ಅಲೆ 40,000ದಷ್ಟು ಮೇಲೆದ್ದರೆ? ಬರೆಯಲು ಅಂಕಿಯೇ ಇಲ್ಲ. 32,767 ಎಂದೇ ಮತ್ತೆ ಮತ್ತೆ ದಾಖಲಾಗಿ, ದುಂಡಗಿನ ಶೃಂಗ ಮೇಜಿನಂತೆ ಚಪ್ಪಟೆಯಾಗುತ್ತದೆ. ಇದೇ ‘ಕ್ಲಿಪಿಂಗ್’. ಮೂಲದಲ್ಲಿ ಇಲ್ಲದ ಆವೃತ್ತಿಗಳು ಹುಟ್ಟಿಕೊಂಡು ಹಾಡು ಕರಕರ ಎನ್ನುತ್ತದೆ. ಆಮೇಲೆ ವಾಲ್ಯೂಮ್ ತಗ್ಗಿಸಿದರೆ ಸದ್ದು ತಗ್ಗೀತು. ಕತ್ತರಿಸಿಹೋದ ಶೃಂಗ ಮರಳದು.

ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಸಿ.ಡಿ. 2008ರಲ್ಲಿ ಹೊರಬಂದಾಗ ಆದದ್ದು ಇದೇ. ಸದ್ದು ಜೋರಾಗಿರಲೆಂದು ಮಟ್ಟವನ್ನು ಮಿತಿಗೆ ಒತ್ತಲಾಗಿತ್ತು. ಅವೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಆಟದಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳಿಸಿದವು. ಸಿ.ಡಿ.ಯನ್ನು ಮತ್ತೆ ಸಿದ್ಧಪಡಿಸಿ ಎಂದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು.

ಹಾಗಾದರೆ ಎಲ್ಲ ಅಂಕಿಗಳೂ ಮಿತಿಯೊಳಗಿದ್ದರೆ ಸಾಕೇ? ಸಾಲದು. ಗ್ರಾಫ್ ಹಾಳೆಯ ಮೇಲೆ 10 ಸೆಂ.ಮೀ. ಎತ್ತರದ ಸೈನ್ ಅಲೆ ಬರೆಯಿರಿ. 45, 135, 225, 315 ಡಿಗ್ರಿಗಳಲ್ಲಿ ಚುಕ್ಕೆ ಇಡಿ. ಪ್ರತಿ ಚುಕ್ಕೆಯೂ ನಡುಗೆರೆಯಿಂದ ಸುಮಾರು 7.07 ಸೆಂ.ಮೀ. ದೂರದಲ್ಲಿರುತ್ತದೆ. ಯಂತ್ರ ಕಾಣುವುದು ಚುಕ್ಕೆಗಳನ್ನು ಮಾತ್ರ. ಅವು ಮಿತಿಯನ್ನು ಮುಟ್ಟುವಂತೆ ಮಟ್ಟ ಏರಿಸಿದರೆ, ನಡುವಿನ ಶೃಂಗ ಮಿತಿಯ 1.41 ಪಟ್ಟು, ಅಂದರೆ 3 ಡೆಸಿಬೆಲ್ ಮೇಲೇರುತ್ತದೆ. ಅಂಕಿಗಳನ್ನು ಮತ್ತೆ ಅಲೆಯಾಗಿಸುವಾಗ ಅದು ಕತ್ತರಿಸಿಹೋಗಬಹುದು.

ಆದ್ದರಿಂದಲೇ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ, ಚುಕ್ಕೆಗಳ ನಡುವಿನ ನಿಜವಾದ ಶೃಂಗವೂ -1 ಡೆಸಿಬೆಲ್ ಮೀರಬಾರದೆಂದು ಶಿಫಾರಸು ಮಾಡಿತು.

ಮನೆಯಲ್ಲಿ ಅಜ್ಜಿಯ ಜೋಗುಳವನ್ನೋ ಮಗುವಿನ ಹಾಡನ್ನೋ ಧ್ವನಿಮುದ್ರಿಸುವಾಗ ಇನ್ನಷ್ಟು ಜಾಗ ಬಿಡಿ. ಅತಿ ಗಟ್ಟಿಯಾದ ಸಾಲನ್ನು ಮೊದಲು ಹಾಡಿಸಿ, ಮೀಟರು -12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟ ಹೊಂದಿಸಿ. 16 ಬಿಟ್‌ಗಳಲ್ಲಿ ಸುಮಾರು 96 ಡೆಸಿಬೆಲ್‌ಗಳ ವ್ಯಾಪ್ತಿಯಿದೆ; ಹನ್ನೆರಡನ್ನು ಬಿಟ್ಟರೆ ನಷ್ಟವಿಲ್ಲ. ಸಣ್ಣ ಸದ್ದನ್ನು ಆಮೇಲೆ ಏರಿಸಬಹುದು.