ಮರಳಿ ಬಂದುದು ಯಾವ ತೋಳ?

ವಾಚಕರೇ, ನಿರ್ವಂಶವಾದ ಪ್ರಾಣಿಯೊಂದನ್ನು ಮನುಷ್ಯನು ಮರಳಿ ಕರೆತಂದನೆಂಬ ವಾರ್ತೆಯನ್ನು 2025ರ ಏಪ್ರಿಲಿನಲ್ಲಿ ನೀವೂ ಓದಿರಬಹುದು. ಅಮೆರಿಕೆಯ ಡಲ್ಲಾಸ್ ನಗರದ ಕೊಲಾಸಲ್ ಬಯೋಸೈನ್ಸಸ್ ಎಂಬ ಕಂಪನಿಯು ಮೂರು ಬಿಳಿಯ ತೋಳದ ಮರಿಗಳನ್ನು ಲೋಕದ ಮುಂದಿಟ್ಟು, ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಳಿದುಹೋದ ‘ಡೈರ್ ತೋಳ’ವು ಮತ್ತೆ ಹುಟ್ಟಿದೆಯೆಂದು ಸಾರಿತು. ಲೋಕವು ಬೆರಗಾಯಿತು. ಬೆರಗಾಗುವ ಮೊದಲು ಲೆಕ್ಕ ಕೇಳುವುದು ವಿವೇಕಿಗಳ ಲಕ್ಷಣವಲ್ಲವೆ?

ಆ ವಿಜ್ಞಾನಿಗಳು ಮಾಡಿದುದೇನು? 13 ಸಾವಿರ ವರ್ಷ ಹಳೆಯ ಒಂದು ಹಲ್ಲು, 72 ಸಾವಿರ ವರ್ಷ ಹಳೆಯ ಒಂದು ತಲೆಬುರುಡೆ, ಇವೆರಡರಿಂದ ಡೈರ್ ತೋಳದ ಅನುವಂಶೀಯ ಲಿಪಿಯನ್ನು ಓದಿದರು. ಆ ಪಾಂಡಿತ್ಯಕ್ಕೆ ತಲೆಬಾಗೋಣ. ಬಳಿಕ ಇಂದಿನ ಬೂದು ತೋಳದ ಜೀವಕೋಶವನ್ನು ತೆಗೆದುಕೊಂಡು, ಅದರ 14 ಜೀನುಗಳಲ್ಲಿ 20 ತಿದ್ದುಪಡಿಗಳನ್ನು ಮಾಡಿ, ಸಾಕುನಾಯಿಯ ಗರ್ಭದಲ್ಲಿ ಬೆಳೆಸಿದರು. ತೋಳದ ಲಿಪಿಯಲ್ಲಿ ಸುಮಾರು 240 ಕೋಟಿ ಅಕ್ಷರಗಳಿವೆ. ಎರಡು ಜಾತಿಗಳ ಲಿಪಿಯೂ ನೂರಕ್ಕೆ 99.5ರಷ್ಟು ಒಂದೇ ಎಂಬುದು ಕಂಪನಿಯದೇ ಮಾತು. ಅದನ್ನು ಒಪ್ಪಿದರೂ ಉಳಿಯುವ ಭೇದವು ಒಂದು ಕೋಟಿ ಅಕ್ಷರಗಳನ್ನು ಮೀರುತ್ತದೆ. ಕೋಟಿಯಲ್ಲಿ ಇಪ್ಪತ್ತು! ಓಲೆಗರಿಯ ಕಟ್ಟೊಂದರಲ್ಲಿ ಇಪ್ಪತ್ತು ಅಕ್ಷರಗಳನ್ನು ತಿದ್ದಿ, ಕಳೆದುಹೋದ ಬೇರೊಂದು ಗ್ರಂಥವೇ ದೊರಕಿತೆಂದು ಪ್ರಕಟಿಸುವವನನ್ನು ಯಾವ ಸಂಪಾದಕನು ಕ್ಷಮಿಸುವನು? ಮರುತಿಂಗಳು ಅದೇ ಕಂಪನಿಯ ಮುಖ್ಯ ವಿಜ್ಞಾನಿ ಬೆತ್ ಶಪೀರೊ ಅವರು, ಇವು 20 ತಿದ್ದುಪಡಿಗಳುಳ್ಳ ಬೂದು ತೋಳಗಳೆಂದು ತಾವೇ ಹೇಳಿದರು. ಆದರೆ ಡಂಗುರದ ಸದ್ದು ಮುಟ್ಟಿದ ದೂರಕ್ಕೆ ಈ ಮಾತು ಮುಟ್ಟಲಿಲ್ಲ.

ಇದು ಬರಿಯ ಹೆಸರಿನ ಜಗಳವೆಂದು ತಳ್ಳಿಬಿಡಬೇಡಿರಿ. ಅನರ್ಥವು ಮೊದಲಾಗುವುದು ಹೆಸರಿನಿಂದಲೇ. ಮರಿಗಳ ಸುದ್ದಿ ಹೊರಬಿದ್ದೊಡನೆ ಅಮೆರಿಕೆಯ ಒಳನಾಡು ಖಾತೆಯ ಸಚಿವ ಡಗ್ ಬರ್ಗಮ್ ಅವರು ಅದನ್ನು ಕೊಂಡಾಡಿದರು. ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದುದು ಹೊರಬರುವುದೇ ಇಲ್ಲವೆಂದು ಆಕ್ಷೇಪಿಸಿದರು. ಮುನ್ನಡೆಯು ಸರ್ಕಾರದ ನಿಯಮಗಳಿಂದಲ್ಲ, ಹೊಸ ಶೋಧನೆಗಳಿಂದ ಎಂದರು. ಅದೇ ತಿಂಗಳ 17ರಂದು ಅವರ ಖಾತೆಯು ಒಂದು ಪ್ರಸ್ತಾಪವನ್ನು ಪ್ರಕಟಿಸಿತು: ಜೀವಿಗಳ ನೆಲೆಯನ್ನು ಕೆಡಿಸುವುದೂ ಅವುಗಳಿಗೆ ಮಾಡುವ ಹಾನಿಯೇ ಎಂಬ ವ್ಯಾಖ್ಯೆಯನ್ನು ನಿಯಮಗಳಿಂದ ತೆಗೆದುಹಾಕಬೇಕೆಂದು! ಸತ್ತುದನ್ನು ಎಬ್ಬಿಸಬಲ್ಲೆವೆಂದ ಮೇಲೆ, ಬದುಕಿರುವುದನ್ನು ಕಾಯುವ ದುಡಿಮೆ ಯಾರಿಗೆ ಬೇಕು?

ನಾವು ವಿಜ್ಞಾನದ ವಿರೋಧಿಗಳಲ್ಲ. 1988ರಲ್ಲಿ ಶೀತದಲ್ಲಿ ಕಾದಿರಿಸಿದ್ದ ಜೀವಕೋಶದಿಂದ 2020ರ ಡಿಸೆಂಬರಿನಲ್ಲಿ ಕಪ್ಪುಗಾಲಿನ ಫೆರೆಟ್ ಎಂಬ ಪ್ರಾಣಿಯ ತದ್ರೂಪಿಯನ್ನು ಹುಟ್ಟಿಸಿದರು. ಅದು ಅಳಿವಿನಂಚಿನಲ್ಲಿದ್ದರೂ ಉಸಿರಾಡುತ್ತಿರುವ ಜಾತಿ. ಅದಕ್ಕೆ ಹೊಸ ರಕ್ತ ಬೇಕಾಗಿತ್ತು. ಇಂಥ ವಿದ್ಯೆಗೆ ನಮ್ಮ ಒಪ್ಪಿಗೆ ಇದೆ.

ಈಗ ಅದೇ ಕಂಪನಿಯು ಟಾಸ್ಮೇನಿಯದ ಥೈಲಸೀನ್ ಎಂಬ ಪ್ರಾಣಿಯನ್ನೂ ಮರಳಿಸುವೆನೆನ್ನುತ್ತಿದೆ. ಬೆನ್ನಿನ ಮೇಲೆ ಪಟ್ಟೆಗಳಿದ್ದ ಆ ಚೀಲಹೊಟ್ಟೆಯ ಪ್ರಾಣಿಯು ಕುರಿಗಳ್ಳನೆಂಬ ಅಪವಾದ ಹೊತ್ತಿತ್ತು. 1888ರಿಂದ 1909ರವರೆಗೆ ಅಲ್ಲಿಯ ಸರ್ಕಾರವೇ, ಬೆಳೆದ ಪ್ರಾಣಿಯೊಂದಕ್ಕೆ ಒಂದು ಪೌಂಡಿನಂತೆ, 2184 ಬಹುಮಾನಗಳನ್ನು ಹಂಚಿ ಅದನ್ನು ಕೊಲ್ಲಿಸಿತು. ಅದನ್ನು ರಕ್ಷಿಸುವ ಆಜ್ಞೆ ಹೊರಟುದು 1936ರ ಜುಲೈ 10ರಂದು. ಕೊನೆಯದೆಂದು ತಿಳಿದಿರುವ ಪ್ರಾಣಿಯು ಹೋಬಾರ್ಟಿನ ಮೃಗಾಲಯದಲ್ಲಿ ಸತ್ತುದು ಅದೇ ವರ್ಷದ ಸೆಪ್ಟೆಂಬರ್ 7ರಂದು. ನಡುವೆ ಇದ್ದುದು 59 ದಿನಗಳು.