ಪೇಟೆಯ ನಕ್ಷೆಯಲ್ಲಿ ನಮ್ಮ ಗದ್ದೆಗೆ ಯಾವ ಬಣ್ಣ?

ರೈತನ ಬೆಳೆಗೆ ಬೆಲೆ ಕಟ್ಟುವವರು ಯಾರು ಅಂತ ನಾವು ಕೇಳುತ್ತಲೇ ಬಂದಿದ್ದೇವೆ. ಈ ಸಲ ಅದೇ ಪ್ರಶ್ನೆಯನ್ನು ಅವನ ನೆಲದ ಬಗ್ಗೆ ಕೇಳಬೇಕಾಗಿದೆ. ಕಬ್ಬಿನ ಬೆಲೆ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. 2024-25ರ ಹಂಗಾಮಿಗೆ, ಶೇಕಡ 10.25 ಇಳುವರಿಯ ಕಬ್ಬಿಗೆ, ಟನ್ನಿಗೆ 3,400 ರೂಪಾಯಿ ಅಂದರು. ಅದಾದರೂ ಪೇಪರಿನಲ್ಲಿ ಬಂತು. ಆದರೆ ಆ ಕಬ್ಬು ನಿಂತಿರುವ ನೆಲದ ಬೆಲೆ ತೀರ್ಮಾನವಾಗುವುದು ಪಕ್ಕದ ಪೇಟೆಯ ಒಂದು ಕಚೇರಿಯಲ್ಲಿ, ಒಂದು ನಕ್ಷೆಯ ಮೇಲೆ ಬಳಿದ ಬಣ್ಣದಲ್ಲಿ.

ಆ ನಕ್ಷೆಗೆ ಮಾಸ್ಟರ್ ಪ್ಲಾನ್ ಅಂತ ಹೆಸರು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಇದನ್ನು ತಯಾರಿಸುತ್ತಾರೆ, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಹಳದಿ ಅಂದ್ರೆ ವಸತಿ, ನೀಲಿ ಅಂದ್ರೆ ವ್ಯಾಪಾರ, ನೇರಳೆ ಅಂದ್ರೆ ಕೈಗಾರಿಕೆ. ಬೆಂಗಳೂರಿನ ಪ್ಲಾನಿನ ಬಗ್ಗೆ ಗದ್ದಲ ಆಗುತ್ತೆ, ಕೋರ್ಟು ಕಚೇರಿ ಆಗುತ್ತೆ. ಚಿಕ್ಕ ಊರಿನ ಪ್ಲಾನಿನ ಬಗ್ಗೆ ಕೇಳುವವರೇ ಇಲ್ಲ. ಆದರೆ ಚಿಕ್ಕ ಊರಿನ ಪ್ಲಾನೇ ರೈತನಿಗೆ ಹತ್ತಿರದ್ದು, ಯಾಕಂದ್ರೆ ಅದು ಊರಿನೊಳಗೆ ನಿಲ್ಲುವುದಿಲ್ಲ, ಸುತ್ತಲಿನ ಹಳ್ಳಿಗಳ ಸರ್ವೆ ನಂಬರುಗಳನ್ನು ಸೇರಿಸಿಕೊಂಡೇ ಎಳೆಯುತ್ತಾರೆ.

ಮಂಡ್ಯವನ್ನೇ ತೆಗೆದುಕೊಳ್ಳಿ. 2011ರ ಗಣತಿಯಲ್ಲಿ ಊರಿನ ಜನ ಸುಮಾರು 1 ಲಕ್ಷ 37 ಸಾವಿರ. ಸುತ್ತ ಇರುವುದು ಕನ್ನಂಬಾಡಿಯ ನೀರು, ವಿಶ್ವೇಶ್ವರಯ್ಯ ನಾಲೆ, ಗದ್ದೆ, ಕಬ್ಬು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದೂ ಆ ನೀರನ್ನು ನಂಬಿಯೇ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಇಂಥ ಊರಿನ ಪ್ಲಾನ್ ಪರಿಷ್ಕರಣೆ ಅಂದರೆ ಕಾಗದದ ಕೆಲಸವಲ್ಲ. ನಾಲೆ ಕೆಳಗಿನ ಎಕರೆಗಳಲ್ಲಿ ಯಾವುದು ಉಳಿಯಬೇಕು, ಯಾವುದು ಸೈಟಾಗಬೇಕು ಅನ್ನುವ ತೀರ್ಪು ಅದು. ಊರು ಇಪ್ಪತ್ತು ವರ್ಷದಲ್ಲಿ ಎಷ್ಟು ಬೆಳೆಯುತ್ತದೆ ಅಂತ ಲೆಕ್ಕ ಹಾಕುವುದು ಗಣತಿಯ ಮೇಲೆ. 2021ರಲ್ಲಿ ಆಗಬೇಕಿದ್ದ ಗಣತಿಯಂತೂ ಆ ವರ್ಷ ಆಗಲಿಲ್ಲ. ಹಳೇ ಅಂಕಿಗೆ ಹೊಸ ಅಂದಾಜು ಕಟ್ಟಿ ಗದ್ದೆಗೆ ಬಣ್ಣ ಬಳಿಯುವುದು ಎಂಥ ವಿಜ್ಞಾನವೋ ನಮಗೆ ತಿಳಿಯದು.

ಹಣದ ಲೆಕ್ಕ ನೋಡೋಣ. ಒಂದು ಎಕರೆ ಅಂದ್ರೆ 43,560 ಚದರ ಅಡಿ. ರಸ್ತೆಗೆ, ಪಾರ್ಕಿಗೆ ಅರ್ಧ ಬಿಟ್ಟರೂ 30-40ರ ಸೈಟು ಹದಿನೆಂಟು ಬರುತ್ತವೆ. ರೈತ ಮಾರುವುದು ಎಕರೆ ಲೆಕ್ಕದಲ್ಲಿ, ಬಡಾವಣೆಯವನು ಮಾರುವುದು ಅಡಿ ಲೆಕ್ಕದಲ್ಲಿ. ನಡುವಿನ ಲಾಭವೆಲ್ಲ ಆ ಹಳದಿ ಬಣ್ಣದ್ದು. ಹಾಗಾದರೆ ಹಳದಿ ಬರುತ್ತದೆ ಅಂತ ಮೊದಲು ತಿಳಿಯುವವರು ಯಾರು? ಕರಡು ನಕ್ಷೆ ಪ್ರಾಧಿಕಾರದಲ್ಲಿ ತಯಾರಾಗಿ, ಸರ್ಕಾರಕ್ಕೆ ಹೋಗಿ, ತಾತ್ಕಾಲಿಕ ಒಪ್ಪಿಗೆ ಪಡೆದು, ಆಮೇಲೆ ಜನರ ಮುಂದೆ ಬರಬೇಕು. ಅಷ್ಟರಲ್ಲಿ ಅದು ಎಷ್ಟು ಮೇಜು ದಾಟಿರುತ್ತದೆ, ಎಷ್ಟು ಕಣ್ಣಿಗೆ ಬಿದ್ದಿರುತ್ತದೆ! 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದ ಮೇಲೆ ಬೇಸಾಯಗಾರ ಅಲ್ಲದವನಿಗೂ, ಬೇರೆ ಆದಾಯ ಎಷ್ಟೇ ಇದ್ದವನಿಗೂ ಹೊಲ ಕೊಳ್ಳಲು ತಡೆಯಿಲ್ಲ. ಸೊಸೈಟಿ ಸಾಲ, ಬ್ಯಾಂಕಿನ ನೋಟೀಸು, ಕೈಸಾಲ ಮೂರೂ ಒಟ್ಟಿಗೆ ಕುತ್ತಿಗೆಗೆ ಬಂದಿರುವ ಮನೆಗೆ ದಲ್ಲಾಳಿ ಸರಿಯಾದ ಹೊತ್ತಿಗೇ ಬರುತ್ತಾನೆ. ಒಂದು ವರ್ಷ ತಡೆದಿದ್ದರೆ ಅದೇ ಜಮೀನು ಸಾಲವನ್ನೆಲ್ಲ ತೀರಿಸುತ್ತಿತ್ತು. ತಡೆಯುವ ಶಕ್ತಿ ಇಲ್ಲದವನಿಂದಲೇ ಅವನು ಕೊಳ್ಳುವುದು.

ಇನ್ನೊಂದು ಬಗೆಯ ಸಂಕಟವಿದೆ. ನಕ್ಷೆಯ ರಸ್ತೆಯ ಗೆರೆ ನಿಮ್ಮ ಹೊಲದ ಮೇಲೆ ಹಾದರೆ, ಅಥವಾ ಹೊಲಕ್ಕೆ ಪಾರ್ಕು ಅಂತ ಬರೆದರೆ, ಸರ್ಕಾರ ಕೊಳ್ಳುವುದೂ ಇಲ್ಲ, ಕೊಳ್ಳಬಂದವನೂ ಹಿಂದೆ ಸರಿಯುತ್ತಾನೆ. ಮಗಳ ಮದುವೆಗೆ ಹತ್ತು ಗುಂಟೆ ಮಾರೋಣ ಅಂದ್ರೂ ಆಗೋಲ್ಲ. ಇದಕ್ಕೆ ಕಾಯ್ದೆಯ 69ನೇ ಕಲಮಿನಲ್ಲಿ ಪರಿಹಾರವಿದೆ: ಹಾಗೆ ಗುರುತಿಸಿದ ಜಮೀನನ್ನು ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ, ಸ್ವಾಧೀನದ ಕ್ರಮವನ್ನೂ ಶುರುಮಾಡದಿದ್ದರೆ, ಆ ಗುರುತು ಬಿದ್ದುಹೋಗುತ್ತದೆ. ಇದನ್ನು ಯಾವ ಅಧಿಕಾರಿಯೂ ಮನೆಬಾಗಿಲಿಗೆ ಬಂದು ಹೇಳುವುದಿಲ್ಲ.

ಹಳ್ಳಿ ಪೇಟೆಗೆ ಸೇರಿತು ಅಂತ ಹಿಗ್ಗುವವರೂ ಇದ್ದಾರೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ ಎರಡು ಪಟ್ಟಿನವರೆಗೂ ಗುಣಿಸಬಹುದು, ನಗರ ಪ್ರದೇಶದಲ್ಲಿ ಒಂದೇ ಪಟ್ಟು. ಪುರಸಭೆಯ ಎಲ್ಲೆ ದಾಟಿ ಬಂದ ದಿನವೇ ಈ ಗುಣಾಕಾರ ಹೋಯಿತು ಅಂತ ತಿಳಿಯಿರಿ.

ಎಲ್ಲ ಹೊಲಕ್ಕೂ ಹಳದಿ ಬಳಿಯಿರಿ ಅಂತ ನಾವು ಕೇಳುತ್ತಿಲ್ಲ. ನಮ್ಮಲ್ಲೇ ಈ ವಿಷಯದಲ್ಲಿ ಎರಡು ಮನಸ್ಸಿದೆ. ಹೆದ್ದಾರಿ ಪಕ್ಕದವನು ಹಳದಿ ಬೇಕು ಅಂತಾನೆ, ನಾಲೆಯ ಕೊನೆಯವನು ಬೇಡ ಅಂತಾನೆ. ಇಬ್ಬರದೂ ನ್ಯಾಯವೇ. ಆದರೆ ಮೇಲಿನವನ ಬಡಾವಣೆ ಹೊಲಗಾಲುವೆಯನ್ನು ಮುಚ್ಚಿದರೆ ಕೆಳಗಿನ ಹತ್ತು ಮಂದಿಯ ಗದ್ದೆ ಒಣಗುತ್ತದೆ. ಅದಕ್ಕೇ ಪ್ರತಿ ತೂಬು, ಪ್ರತಿ ಕಾಲುವೆ ನಕ್ಷೆಯಲ್ಲಿ ಕಾಣಬೇಕು. ಕರಡು ನಕ್ಷೆ, ಸರ್ವೆ ನಂಬರಿನ ಪಟ್ಟಿ ಸಮೇತ, ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಗೂ ಬರಬೇಕು, ಗ್ರಾಮಸಭೆಯಲ್ಲಿ ಓದಬೇಕು. ಗುರುತು ಹಾಕಿ ಜಮೀನನ್ನು ಕಟ್ಟಿಹಾಕಿದಷ್ಟು ವರ್ಷ ಆ ಜಮೀನಿನ ಮೇಲಿನ ಸಾಲಕ್ಕೆ ಬಡ್ಡಿ ನಿಲ್ಲಬೇಕು. ನಗರದ ಯೋಜನೆ, ಹಳ್ಳಿಯ ಯೋಜನೆ ಎರಡನ್ನೂ ಕೂಡಿಸಿ ನೀರು-ನೆಲದ ಲೆಕ್ಕ ನೋಡಲಿ ಅಂತಲೇ ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಯನ್ನು ಹೇಳಿದೆ. ಆ ಸಮಿತಿ ಮುಂದೆ ಈ ನಕ್ಷೆ ಬರಲಿ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಒಬ್ಬೊಬ್ಬರೇ ಹೋಗಬೇಡಿ, ಊರಿಗೆ ಊರೇ ಹೋಗಿ. ಪಹಣಿ, ಸರ್ವೆ ಸ್ಕೆಚ್ಚು, ನಾಲೆ ನೀರಿನ ಕಂದಾಯದ ರಶೀದಿ ಜೊತೆಗಿರಲಿ. ಅರ್ಜಿಯ ಎರಡನೇ ಪ್ರತಿಗೆ ದಿನಾಂಕದ ಮೊಹರು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ.