ಅಪಾರ್ಟ್‌ಮೆಂಟ್ ವ್ಯಾಜ್ಯ: ಮದ್ದು ಲೆಕ್ಕಪುಸ್ತಕದಲ್ಲಿದೆ

ಕುಮಾರಸ್ವಾಮಿ ಲೇಔಟ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ವಾಸಿಸುವ ವರ್ತಕರೂ ಸಣ್ಣ ಉದ್ದಿಮೆದಾರರೂ ಪಾಲುಪತ್ರವಿಲ್ಲದೆ ಪಾಲುದಾರಿಕೆಗೆ ಇಳಿಯುವವರಲ್ಲ. ಆದರೆ ಲಿಫ್ಟು, ಸಂಪು, ಜನರೇಟರುಗಳ ಸಹಮಾಲೀಕತ್ವವನ್ನು ಮಾತ್ರ ಬಾಯಿಮಾತಿಗೆ ಬಿಡುವುದುಂಟು. ವ್ಯಾಜ್ಯದ ಬೇರು ಅಲ್ಲಿದೆ.

ನಿರ್ವಹಣಾ ಶುಲ್ಕವನ್ನು ಮನೆಗಿಷ್ಟೆಂದು ಸಮನಾಗಿ ಹಂಚಬೇಕೇ, ಚದರಡಿಯ ಲೆಕ್ಕದಲ್ಲಿ ಹಂಚಬೇಕೇ ಎಂಬುದು ಸಾಮಾನ್ಯ ಜಗಳ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ: ಸಾಮಾನ್ಯ ವೆಚ್ಚವನ್ನು ಪ್ರತಿ ಮಾಲೀಕರ ಅವಿಭಜಿತ ಹಕ್ಕಿನ ಶೇಕಡಾ ಪ್ರಮಾಣದಂತೆ ವಿಧಿಸತಕ್ಕದ್ದು. ಬಾಕಿಯು ಆ ಮನೆಯ ಮೇಲಿನ ಋಣಭಾರವಾಗುತ್ತದೆ. ಆದರೆ ಘೋಷಣಾಪತ್ರ ನೋಂದಣಿಯಾದ ಕಟ್ಟಡಕ್ಕಷ್ಟೇ ಈ ಕಾಯ್ದೆಯ ಆಸರೆ. ಆದ್ದರಿಂದ ಘೋಷಣಾಪತ್ರ ಮತ್ತು ಉಪವಿಧಿಗಳ ನೋಂದಣಿಯೇ ಮೊದಲ ಕೆಲಸವಾಗಬೇಕು.

ಎರಡನೆಯದು ಲೆಕ್ಕ. ದಿನನಿತ್ಯದ ಖರ್ಚಿನ ಹಣವನ್ನೂ ಲಿಫ್ಟು ಬದಲಾವಣೆ, ಬಣ್ಣ ಮುಂತಾದವುಗಳ ಮೀಸಲು ನಿಧಿಯನ್ನೂ ಒಂದೇ ಖಾತೆಯಲ್ಲಿ ಬೆರೆಸಿದರೆ ಪ್ರಾಮಾಣಿಕ ಕಾರ್ಯದರ್ಶಿಯೂ ಸಂಶಯಕ್ಕೆ ಗುರಿಯಾಗುತ್ತಾನೆ. ಸಂಬಳವಿಲ್ಲದೆ ದುಡಿಯುವ ಅಂತಹವರು ಬೇಸತ್ತು ಹಿಂದೆ ಸರಿದರೆ ನಷ್ಟ ಎಲ್ಲರದು. ಪ್ರತ್ಯೇಕ ಖಾತೆ, ಪ್ರತಿ ಪಾವತಿಗೂ ವೋಚರು, ಹೊರಗಿನ ಲೆಕ್ಕಪರಿಶೋಧಕರಿಂದ ವಾರ್ಷಿಕ ತಪಾಸಣೆ, ಸರ್ವಸದಸ್ಯರ ಸಭೆಗೆ ಮುಂಚೆಯೇ ಲೆಕ್ಕಪತ್ರದ ಪ್ರತಿ: ಇವಿಷ್ಟಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹುಟ್ಟಿದ ಜಗಳಕ್ಕೆ ನೀರು ನಿಲ್ಲಿಸುವುದು ಪರಿಹಾರವಲ್ಲ. ಅದು ಬಾಕಿಯ ಪ್ರಶ್ನೆಯನ್ನು ಪೊಲೀಸ್ ಠಾಣೆಗೆ ಒಯ್ಯುತ್ತದೆ. ಲಿಖಿತ ತಿಳಿವಳಿಕೆ ಪತ್ರ, ಕಂತಿನ ಅವಕಾಶ, ಉಭಯರೂ ಒಪ್ಪುವ ಹಿರಿಯರ ಸಂಧಾನ ಮೊದಲು ನಡೆಯಲಿ. ವಿಷಯ ನ್ಯಾಯಾಲಯ ಮುಟ್ಟಿದರೂ ರಾಜಿಯ ಬಾಗಿಲು ಮುಚ್ಚುವುದಿಲ್ಲ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಇರುವುದೇ ಅದಕ್ಕಾಗಿ. ಗ್ರಾಹಕರನ್ನು ಬದಲಿಸಬಹುದು, ಗೋಡೆಯಾಚೆಯ ನೆರೆಯವರನ್ನಲ್ಲ.